ಟ್ರಾವೆಲ್ ಇನ್ಶೂರೆನ್ಸ್ ಇದ್ರೆ ಬಾಡಿಗೆ ಕಾರ್ ಡ್ಯಾಮೇಜ್‌ಗೆ ದುಡ್ಡು ಬರುತ್ತಾ?

ಫಾರಿನ್ ಟ್ರಿಪ್‌ಗೆ ಹೊರಟೋರು ಯಾರಾದ್ರೂ ಬಾಡಿಗೆ ಕಾರ್ ವಿಷ್ಯ ಎತ್ತಿದ್ರೆ ಮುಕ್ಕಾಲು ಪಾಲು ಜನ ಹೇಳೋದು ಒಂದೇ ಮಾತು, "ಟ್ರಾವೆಲ್ ಇನ್ಶೂರೆನ್ಸ್ ಮಾಡ್ಸಿದ್ದೀವಲ್ಲ, ಕಾರಿಗೆ ಏನಾದ್ರೂ ಆದ್ರೆ ಅದ್ರಲ್ಲೇ ಬರುತ್ತೆ ಬಿಡಿ" ಅಂತ. ಬರಲ್ಲ. ಸಾಮಾನ್ಯ ಪಾಲಿಸಿಗಳಲ್ಲಿ ಬರಲ್ಲ. ಅದಕ್ಕೇ ಅಂತ ಆಡ್-ಆನ್ (ಮೂಲ ಪಾಲಿಸಿಗೆ ಮೇಲಿಂದ ಸೇರಿಸೋ ಕವರ್) ಇರೋ ಪಾಲಿಸಿಯಲ್ಲಿ ಬರುತ್ತೆ, ಅದೂ ಪೂರ್ತಿ ಡ್ಯಾಮೇಜ್ ಅಲ್ಲ, ಅದ್ರಲ್ಲಿ ಒಂದು ಭಾಗ ಮಾತ್ರ. ಆ ಭಾಗ ಯಾವ್ದು, ಉಳಿದಿದ್ದು ಯಾರ ತಲೆ ಮೇಲೆ ಬೀಳುತ್ತೆ ಅನ್ನೋದನ್ನ ಬಿಡಿಸಿ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೆ ನಾವು ವರ್ಷಗಟ್ಲೆ ದುಡ್ಡು ಕೂಡಿಟ್ಟು ಒಂದು ಟ್ರಿಪ್ ಹೋಗೋ ಜನ, ವಾಪಸ್ ಬಂದ್ಮೇಲೆ ಕ್ರೆಡಿಟ್ ಕಾರ್ಡ್ ಮೇಲೆ ಲಕ್ಷದ ಚಾರ್ಜ್ ಬಂದು ಕೂತ್ರೆ ಆ ಟ್ರಿಪ್ ನೆನಪೇ ಕಹಿ ಆಗೋಗುತ್ತೆ, ಅದಾಗಬಾರ್ದು ಅಂತ.

ಮೊದ್ಲು ಈ ಟ್ರಾವೆಲ್ ಪಾಲಿಸಿ ಇರೋದೇ ಯಾಕೆ ಅಂತ ನೋಡಿ. ಅದು ನಿಮ್ಮ ಮೈಗೆ, ನಿಮ್ಮ ಬ್ಯಾಗ್‌ಗೆ, ನಿಮ್ಮ ಟಿಕೆಟ್‌ಗೆ ಇರೋ ಕವರ್. ಅಲ್ಲಿ ಹುಷಾರು ತಪ್ಪಿದ್ರೆ ಆಸ್ಪತ್ರೆ ಖರ್ಚು, ಪಾಸ್‌ಪೋರ್ಟ್ ಕಳೆದ್ರೆ ಹೊಸದು ಮಾಡಿಸೋ ಖರ್ಚು, ಏರ್‌ಲೈನ್‌ನೋರು ಬ್ಯಾಗ್ ಕಳೆದ್ರೆ ಇಷ್ಟು, ಟ್ರಿಪ್ ಕ್ಯಾನ್ಸಲ್ ಆದ್ರೆ ಇಷ್ಟು, ಹೀಗೆ. ಯೂರೋಪಿಗೆ ಹೋಗೋರು ಶೆಂಗೆನ್ ವೀಸಾಕ್ಕೆ ಅಂತ ಪಾಲಿಸಿ ತಗೊಂಡೇ ತಗೋತಾರೆ, ಯಾಕಂದ್ರೆ ಕಮ್ಮಿ ಅಂದ್ರೂ 30,000 ಯೂರೋ ಮೆಡಿಕಲ್ ಕವರ್ ಇಲ್ದೇ ಇದ್ರೆ ವೀಸಾ ಫೈಲ್ ಮುಂದಕ್ಕೆ ಹೋಗಲ್ಲ. ಆ 30,000 ಯೂರೋ ಏನಿದೆ, ಅದು ಆಸ್ಪತ್ರೆಗೆ, ಮತ್ತೆ ಅನಾಹುತ ಏನಾದ್ರೂ ಆದ್ರೆ ಊರಿಗೆ ವಾಪಸ್ ಕರ್ಕೊಂಡು ಬರೋಕೆ. ವೀಸಾ ಏಜೆಂಟ್ ಕೊಟ್ಟ ಅಗ್ಗದ ಪಾಲಿಸಿ ಆ ಒಂದು ಕಂಡೀಷನ್ ಪೂರೈಸೋಕೆ ಮಾಡಿರೋದು, ಕಾರಿನ ಮಾತೇ ಅದ್ರಲ್ಲಿ ಇರಲ್ಲ. ಆದ್ರೆ ಜನ ಅದೇ ಕಾಗದ ಇಟ್ಕೊಂಡು ಏರ್‌ಪೋರ್ಟ್‌ನಲ್ಲಿ ಇಳಿದು ನೆಟ್ಟಗೆ ಕಾರ್ ಕೌಂಟರ್‌ಗೆ ಹೋಗಿ "ಐ ಹ್ಯಾವ್ ಇನ್ಶೂರೆನ್ಸ್" ಅಂತಾರೆ, ಕೌಂಟರ್‌ನೋರು ಸರಿ ಅಂತ ಅವ್ರ ಕವರ್ ಬೇಡ ಅನ್ನೋ ಕಡೆ ಟಿಕ್ ಹಾಕಿ ಸೈನ್ ತಗೋತಾರೆ.

ಪಾಲಿಸಿಯಲ್ಲಿ ಪರ್ಸನಲ್ ಲಯಬಿಲಿಟಿ ಅಂತ ಒಂದು ಸಾಲು ಇರುತ್ತೆ, ಒಂದು ಲಕ್ಷ ಡಾಲರ್ ಅಂತೆಲ್ಲ ದೊಡ್ಡ ನಂಬರ್ ಬೇರೆ ಬರೆದಿರ್ತಾರೆ. ಬೇರೆಯವ್ರಿಗೆ ನಷ್ಟ ಮಾಡಿದ್ರೆ ಅದು ಕೊಡುತ್ತೆ ಅಂತ ಅರ್ಥ, ಹಾಗಾದ್ರೆ ಬಾಡಿಗೆ ಕಾರೂ ಬೇರೆಯವ್ರದ್ದೇ ಅಲ್ವಾ ಅಂತ ಕೇಳೋರಿದ್ದಾರೆ, ಕೇಳೋದ್ರಲ್ಲಿ ನ್ಯಾಯ ಇದೆ. ಆದ್ರೆ ಅದೇ ಸೆಕ್ಷನ್‌ನ ಎಕ್ಸ್‌ಕ್ಲೂಶನ್ಸ್ ಓದಿ, ಮೋಟಾರು ವಾಹನ ಓಡಿಸೋದ್ರಿಂದ ಆದ ಯಾವ ಹೊಣೆನೂ ಇದ್ರಲ್ಲಿ ಸೇರಲ್ಲ ಅಂತ ಇರುತ್ತೆ, ನಿಮ್ಮ ವಶದಲ್ಲಿರೋ ಬೇರೆಯವ್ರ ವಸ್ತುಗೆ ಆದ ನಷ್ಟಾನೂ ಸಾಮಾನ್ಯವಾಗಿ ಅಲ್ಲೇ ಹೊರಗಿಟ್ಟಿರ್ತಾರೆ. ಹಾಗಾಗಿ ಆ ಬಾಗಿಲೂ ಮುಚ್ಚಿದ ಹಾಗೇ.

ಹಾಗಂತ ಟ್ರಾವೆಲ್ ಪಾಲಿಸಿ ಬೇಡ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಕಾರ್ ಆಕ್ಸಿಡೆಂಟ್ ಆಗಿ ನಿಮ್ಗೆ ಪೆಟ್ಟಾದ್ರೆ ಆಸ್ಪತ್ರೆ ಬಿಲ್ ಕಟ್ಟೋದು ಅದೇ, ಅಮೆರಿಕದಂಥ ಕಡೆ ಅದಿಲ್ದೇ ಕಾಲಿಡ್ಲೇಬಾರ್ದು. ಕಾರಿನ ಬಂಪರ್ ಮಾತ್ರ ಅದರ ಕೆಲಸ ಅಲ್ಲ.

ಹಾಗಾದ್ರೆ ಕಾರಿನ ಕವರ್ ಎಲ್ಲಿಂದ ಬರುತ್ತೆ ಅಂದ್ರೆ, ರೆಂಟಲ್ ಕಂಪನಿ ಜೊತೆ ನೀವು ಸೈನ್ ಮಾಡೋ ಅಗ್ರಿಮೆಂಟ್‌ನಿಂದ. ಅಲ್ಲಿ ಸಿಡಿಡಬ್ಲ್ಯೂ, ಅಂದ್ರೆ ಕೊಲಿಶನ್ ಡ್ಯಾಮೇಜ್ ವೇವರ್ ಅಂತ ಇರುತ್ತೆ. ಇದು ಕಂಪನಿ ನಿಮ್ಗೆ ಕೊಡೋ ಒಂದು ಮಾತು, ಕಾರಿಗೆ ಡ್ಯಾಮೇಜ್ ಆದ್ರೆ ಇಷ್ಟು ದುಡ್ಡಿನ ತನಕ ನಿಮ್ಮಿಂದ ವಸೂಲಿ ಮಾಡ್ತೀವಿ, ಅದರ ಮೇಲಿಂದು ಕೇಳಲ್ಲ ಅಂತ. ಆ "ಇಷ್ಟು ದುಡ್ಡು" ಏನಿದೆ, ಅದನ್ನ ಯೂರೋಪ್ ಆಸ್ಟ್ರೇಲಿಯಾ ಕಡೆ ಎಕ್ಸೆಸ್ ಅಂತಾರೆ, ಕೆಲವು ಕಡೆ ಡಿಡಕ್ಟಿಬಲ್, ಐಸ್‌ಲ್ಯಾಂಡ್‌ನಲ್ಲಿ ಸೆಲ್ಫ್ ರಿಸ್ಕ್ ಅಂತಾನೂ ಬರೀತಾರೆ, ಎಲ್ಲಾ ಒಂದೇ. ಯೂರೋಪ್‌ನಲ್ಲಿ ಆನ್‌ಲೈನ್ ಬುಕ್ ಮಾಡಿದ ರೇಟ್‌ನಲ್ಲಿ ಸಾಮಾನ್ಯವಾಗಿ ಸಿಡಿಡಬ್ಲ್ಯೂ ಸೇರೇ ಇರುತ್ತೆ, ಆದ್ರೆ ಎಕ್ಸೆಸ್ ಸಾವಿರ ಯೂರೋದಿಂದ ಎರಡೂವರೆ ಸಾವಿರದ ತನಕ ಇರ್ಬಹುದು, ದೊಡ್ಡ ಕಾರಾದ್ರೆ ಇನ್ನೂ ಜಾಸ್ತಿ. ಅಷ್ಟು ದುಡ್ಡನ್ನ ಕಾರ್ ಕೊಡೋವಾಗ್ಲೇ ನಿಮ್ಮ ಕ್ರೆಡಿಟ್ ಕಾರ್ಡ್ ಮೇಲೆ ಬ್ಲಾಕ್ ಮಾಡ್ತಾರೆ. ಬೆಂಗಳೂರಲ್ಲಿ ಮನೆ ಅಡ್ವಾನ್ಸ್ ಹಿಡ್ಕೊಂಡು, ಖಾಲಿ ಮಾಡೋವಾಗ ಪೇಂಟಿಂಗ್‌ಗೆ ಅಂತ ಮುರ್ಕೊಂಡು ವಾಪಸ್ ಕೊಡ್ತಾರಲ್ಲ, ಹೆಚ್ಚೂ ಕಮ್ಮಿ ಅದೇ ಲೆಕ್ಕ. ಗೀರು ಒಂದು ಬಿದ್ರೂ ಅದರಿಂದ ಕಳೀತಾರೆ.

ಅದಕ್ಕಿಂತ ಮುಖ್ಯವಾದ ವಿಷ್ಯ, ಸಿಡಿಡಬ್ಲ್ಯೂ ಅಂತ ಇದ್ರೂ ಅದರ ಒಳಗೆ ಸೇರ್ದೇ ಇರೋ ಪಾರ್ಟ್‌ಗಳಿವೆ. ಟೈರ್, ವಿಂಡ್‌ಸ್ಕ್ರೀನ್ ಮತ್ತೆ ಬೇರೆ ಗ್ಲಾಸ್, ಕಾರಿನ ತಳ, ಮೇಲಿನ ರೂಫ್, ಸೀಟು, ಕೀ ಕಳೆದ್ರೆ ಅದು, ಪೆಟ್ರೋಲ್ ಗಾಡಿಗೆ ಡೀಸೆಲ್ ತುಂಬ್ಸಿದ್ರೆ ಅದು, ಕ್ಲಚ್ ಸುಟ್ರೆ ಅದು. ಇವು ಎಕ್ಸೆಸ್ ಲಿಮಿಟ್‌ನೊಳಗೆ ಬರಲ್ಲ, ಪೂರ್ತಿ ಬಿಲ್ ನಿಮ್ದೇ ಆಗ್ಬಹುದು. ಎಕ್ಸೆಸ್ ಎರಡು ಸಾವಿರ ಯೂರೋ ಅಂದ್ರೆ ನನ್ ತಲೆ ಮೇಲೆ ಬೀಳೋದು ಹೆಚ್ಚಂದ್ರೆ ಅಷ್ಟೇ ಅಂತ ಅಂದ್ಕೊಂಡಿರೋರಿಗೆ ಇಲ್ಲಿ ಪೆಟ್ಟು ಬೀಳೋದು.

ಇದು ಚೆನ್ನಾಗಿ ಗೊತ್ತಾಗ್ಬೇಕು ಅಂದ್ರೆ ಐಸ್‌ಲ್ಯಾಂಡ್ ಉದಾಹರಣೆ ತಗೋಬೇಕು. ನಾವು ಅಲ್ಲಿ ರಿಂಗ್ ರೋಡ್ ಪೂರ್ತಿ ಸುತ್ತಿದ್ವಿ, ಇಡೀ ದ್ವೀಪ ಸುತ್ತೋ ರೂಟ್ 1, ಸುಮಾರು 1,300 ಕಿಲೋಮೀಟರ್ ಮೇಲೆ ಬರುತ್ತೆ. ಪೂರ್ವದ ಕಡೆ ಫಿಯಾರ್ಡ್‌ಗಳ (ಬೆಟ್ಟಗಳ ನಡುವೆ ಒಳಗೆ ನುಗ್ಗಿರೋ ಕಡಲಿನ ಕವಲುಗಳು) ಹತ್ರ ಉಳಿದಿದ್ದ ಗ್ರಾವೆಲ್ ತುಂಡಿಗೂ 2019ರಲ್ಲಿ ಟಾರ್ ಬಿತ್ತು, ಆದ್ರೆ ರಿಂಗ್ ರೋಡ್ ಬಿಟ್ಟು ಪಕ್ಕಕ್ಕೆ ತಿರುಗಿದ್ರೆ, ಅದ್ರಲ್ಲೂ ವೆಸ್ಟ್‌ಫಿಯಾರ್ಡ್ಸ್ ಕಡೆ, ಜಲ್ಲಿ ರೋಡೇ ಜಾಸ್ತಿ. ಟಾರ್ ರೋಡ್‌ನಲ್ಲಿ ಸ್ಪೀಡ್ ಲಿಮಿಟ್ 90, ಜಲ್ಲಿಯಲ್ಲಿ 80, ಆದ್ರೆ 80ರಲ್ಲಿ ಎದುರಿಗೆ ಬರೋ ಗಾಡಿ ಚಕ್ರದಿಂದ ಎಗರಿದ ಕಲ್ಲು ವಿಂಡ್‌ಸ್ಕ್ರೀನ್‌ಗೆ ಬಡಿದ್ರೆ ಚಟ್ ಅಂತ ಸದ್ದು ಬಂದು ನಕ್ಷತ್ರದ ಹಾಗೆ ಬಿರುಕು ಬಿಡುತ್ತೆ. ನಮ್ಗೂ ಆಯ್ತು. ಅಲ್ಲಿ ಅದಕ್ಕೇ ಅಂತ ಗ್ರಾವೆಲ್ ಪ್ರೊಟೆಕ್ಷನ್ ಅನ್ನೋ ಬೇರೆ ಕವರ್ ಮಾರ್ತಾರೆ, ವಿಂಡ್‌ಸ್ಕ್ರೀನ್, ಹೆಡ್‌ಲೈಟ್, ಮುಂದಿನ ಪೇಂಟ್‌ಗೆ ಕಲ್ಲು ಬಡಿದ್ರೆ ಅಂತ, ಅದನ್ನ ಬುಕಿಂಗ್‌ನಲ್ಲೇ ತಗೊಂಡಿದ್ದಕ್ಕೆ ಕಾರ್ ವಾಪಸ್ ಕೊಡೋವಾಗ ಒಂದು ಫಾರ್ಮ್ ತುಂಬ್ಸಿ ಕಳಿಸಿದ್ರು, ಅಷ್ಟೇ. ಅದೇ ಬಿರುಕು ಬರೀ ಸಿಡಿಡಬ್ಲ್ಯೂ ಇದ್ದೋರಿಗೆ ಆಗಿದ್ರೆ ಗ್ಲಾಸ್ ಬದಲಾಯಿಸೋ ಬಿಲ್ ಅವ್ರೇ ಕಟ್ಬೇಕಿತ್ತು. ಈಗಿನ ಗಾಡಿಗಳಲ್ಲಿ ವಿಂಡ್‌ಸ್ಕ್ರೀನ್ ಹಿಂದೆನೇ ಕ್ಯಾಮೆರಾ ಇರುತ್ತೆ, ಗ್ಲಾಸ್ ಬದಲಾಯಿಸಿದ್ರೆ ಕ್ಯಾಮೆರಾನೂ ಮತ್ತೆ ಸೆಟ್ ಮಾಡ್ಬೇಕು, ಹಾಗಾಗಿ ಅದು ಸಣ್ಣ ಬಿಲ್ ಅಲ್ಲ.

ಜಲ್ಲಿ ಆಯ್ತು, ಮರಳು ಅದಕ್ಕಿಂತ ಮೇಲೆ. ದಕ್ಷಿಣದಲ್ಲಿ ವಿಕ್ ಅನ್ನೋ ಊರು ದಾಟಿದ್ಮೇಲೆ ಮಿರ್ದಾಲ್ಸಂದೂರ್, ಇನ್ನೂ ಮುಂದೆ ಸ್ಕೇಯ್ದಾರಾರ್ಸಂದೂರ್ ಅಂತ ಕಪ್ಪು ಮರಳಿನ ಬಯಲುಗಳು, ಕಣ್ಣು ಹಾಯಿಸಿದಷ್ಟೂ ಒಂದು ಮರ ಇಲ್ಲ. ಅಲ್ಲಿ ಗಾಳಿ ಎದ್ರೆ ಜ್ವಾಲಾಮುಖಿ ಮರಳು ಕಾರಿನ ಪೇಂಟ್‌ನ ಉಜ್ಜಿ ಕಿತ್ಹಾಕುತ್ತೆ, ಒಂದು ಡೋರ್ ಅಲ್ಲ, ಆ ಕಡೆ ಪೂರ್ತಿ ಬಾಡಿ, ಜೊತೆಗೆ ಗ್ಲಾಸ್ ಎಲ್ಲಾ ಮಂಜಾಗೋಗುತ್ತೆ. ಅದಕ್ಕೆ ಸ್ಯಾಂಡ್ ಅಂಡ್ ಆಶ್ ಪ್ರೊಟೆಕ್ಷನ್ ಅಂತ ಇನ್ನೊಂದು ಕವರ್. ಇದು ಬೇಕಾ ಬೇಡ್ವಾ ಅಂತ ಕೇಳಿದ್ರೆ, ದಕ್ಷಿಣ ಕರಾವಳಿಗೆ ಹೋಗೋದಾದ್ರೆ ಬೇಕು ಅಂತೀನಿ, ರಾಜಧಾನಿ ರೆಯ್ಕ್ಯಾವಿಕ್ ಸುತ್ತಮುತ್ತ ಮಾತ್ರ ಓಡಾಡಿ ಬರೋದಾದ್ರೆ ಅಷ್ಟು ಅಗತ್ಯ ಇಲ್ಲ. ಮತ್ತೆ ಯಾವ ಕವರ್ ಇದ್ರೂ ಸರಿ, ಗಾಳಿ ವಾರ್ನಿಂಗ್ ಇರೋ ದಿನ ಆ ಬಯಲು ದಾಟ್ಲೇಬೇಡಿ. ಅಲ್ಲಿ ಹವಾಮಾನ ಇಲಾಖೆ ಸೈಟ್‌ನಲ್ಲಿ, ರೋಡ್ ಇಲಾಖೆ ಸೈಟ್‌ನಲ್ಲಿ ಗಾಳಿ ಸೆಕೆಂಡಿಗೆ ಎಷ್ಟು ಮೀಟರ್ ಅಂತ ರೋಡ್ ರೋಡಿಗೂ ಹಾಕಿರ್ತಾರೆ, ಬೆಳಿಗ್ಗೆ ಕಾಫಿ ಕುಡೀತಾ ಅದನ್ನ ನೋಡಿ ಆಮೇಲೆ ಹೊರಡಿ.

ಗಾಳಿ ವಿಷ್ಯ ಬಂತಲ್ಲ, ಕಾರ್ ಡೋರ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ನನ್ ಕಲೀಗ್ ಒಬ್ರಿಗೆ ಆಗಿದ್ದು ಇದೇ. ಜಲಪಾತ ನೋಡೋಕೆ ಅಂತ ನಿಲ್ಲಿಸಿ ಡೋರ್ ತೆಗೆದಿದ್ದಷ್ಟೇ, ಗಾಳಿ ಅದನ್ನ ಕೈಯಿಂದ ಕಿತ್ಕೊಂಡು ಮುಂದಕ್ಕೆ ಮಡಚಿ ಬಿಡ್ತು, ಹಿಂಜ್ ಬಾಗಿ ಡೋರ್ ಮುಚ್ಚೋಕೇ ಆಗ್ತಿರ್ಲಿಲ್ಲ, ಹಗ್ಗ ಕಟ್ಕೊಂಡು ನಿಧಾನಕ್ಕೆ ವಾಪಸ್ ಬಂದ್ರಂತೆ. ಸಿಡಿಡಬ್ಲ್ಯೂ ಇತ್ತು, ಅದರ ಮೇಲೆ ಎಕ್ಸೆಸ್ ಇಳಿಸೋ ಸೂಪರ್ ಸಿಡಿಡಬ್ಲ್ಯೂನೂ ತಗೊಂಡಿದ್ರು, ಆದ್ರೆ ಅಗ್ರಿಮೆಂಟ್‌ನಲ್ಲಿ ಗಾಳಿಯಿಂದ ಡೋರ್‌ಗೆ ಆಗೋ ಡ್ಯಾಮೇಜ್ ಯಾವ ಕವರ್‌ನಲ್ಲೂ ಬರಲ್ಲ ಅಂತ ಬರೆದಿತ್ತು. ಊರಿಗೆ ಬಂದು ವೀಸಾಕ್ಕೆ ತಗೊಂಡಿದ್ದ ಪಾಲಿಸಿ ಮೇಲೆ ಕ್ಲೇಮ್ ಹಾಕಿದ್ರು, ನಿಮ್ಮ ಪ್ಲಾನ್‌ನಲ್ಲಿ ಬಾಡಿಗೆ ವಾಹನದ ಬೆನಿಫಿಟ್ ಇಲ್ಲ ಅಂತ ಒಂದು ಸಾಲಿನ ಮೇಲ್ ಬಂತು. ಇನ್ಶೂರೆನ್ಸ್ ಕಂಪನಿ ಮೋಸ ಮಾಡ್ತು ಅಂತ ಅವ್ರು ತುಂಬಾ ದಿನ ಬೇಜಾರ್ ಮಾಡ್ಕೊಂಡಿದ್ರು, ಅವ್ರ ಸಂಕಟ ನನಗೆ ಅರ್ಥ ಆಗುತ್ತೆ, ಆದ್ರೆ ಪಾಲಿಸಿ ಓದಿ ನೋಡಿದ್ರೆ ಆ ಕಂಪನಿ ಹೇಳಿದ್ದು ಸರಿನೇ. ಈಗಿನ ದಿನಗಳಲ್ಲಿ ಕೆಲವು ರೆಂಟಲ್ ಕಂಪನಿಗಳು ತಮ್ಮ ಟಾಪ್ ಪ್ಯಾಕೇಜ್‌ನಲ್ಲಿ ಡೋರ್‌ನೂ ಸೇರಿಸ್ತಾರೆ, ಅದನ್ನ ಬುಕ್ ಮಾಡೋ ಮುಂಚೆ ಮೇಲ್ ಹಾಕಿ ಕೇಳಿ, ಉತ್ತರ ಬರವಣಿಗೆಯಲ್ಲಿ ಇಟ್ಕೊಳ್ಳಿ. ಅಲ್ಲಿ ಕಾರ್ ನಿಲ್ಸೋವಾಗ ಮೂತಿ ಗಾಳಿ ಬರೋ ದಿಕ್ಕಿಗೆ ಇರ್ಲಿ, ಡೋರ್ ಎರಡೂ ಕೈಲಿ ಹಿಡ್ಕೊಂಡು ಸ್ವಲ್ಪ ಸ್ವಲ್ಪ ತೆಗೀರಿ, ಹಿಂದಿನ ಸೀಟ್‌ನಲ್ಲಿ ಮಕ್ಕಳಿದ್ರೆ ಅವ್ರ ಡೋರ್ ನೀವೇ ಇಳಿದು ಹೋಗಿ ತೆಗೀರಿ.

ಇನ್ನು ನದಿ. ಒಳನಾಡಿಗೆ ಹೋಗೋ ಎಫ್-ರೋಡ್‌ಗಳು ಬೇಸಿಗೆಯಲ್ಲಿ ಮಾತ್ರ ತೆರೀತಾವೆ, ಅಲ್ಲಿಗೆ ಫೋರ್ ವೀಲ್ ಡ್ರೈವ್ ಇಲ್ದೇ ಹೋಗೋ ಹಾಗಿಲ್ಲ, ಸಣ್ಣ ಕಾರಲ್ಲಿ ಹೋಗಿ ಸಿಕ್ಕಿ ಬಿದ್ರೆ ಸಿಡಿಡಬ್ಲ್ಯೂ ಪೂರ್ತಿ ಕ್ಯಾನ್ಸಲ್. ಫೋರ್ ವೀಲ್ ಇದ್ರೂ ಸೇತುವೆ ಇಲ್ಲದ ಹೊಳೆ ದಾಟೋವಾಗ ಇಂಜಿನ್‌ಗೆ ನೀರು ನುಗ್ಗಿದ್ರೆ ಅದನ್ನ ಸಾಮಾನ್ಯವಾಗಿ ಯಾವ ಕವರೂ ಮುಟ್ಟಲ್ಲ, ಇಂಜಿನ್ ಹೋದ್ರೆ ಇಂಜಿನ್ ದುಡ್ಡು, ಟೋಯಿಂಗ್ ದುಡ್ಡು ಎರಡೂ ನಿಮ್ದೇ. ಥೋರ್ಸ್‌ಮೋರ್ಕ್ ಕಣಿವೆಗೆ ಹೋಗೋ ದಾರಿಯಲ್ಲಿ ಕ್ರೋಸ್ಸಾ ಅಂತ ಹೊಳೆ ಇದೆ, ಹಿಮ ಕರಗಿದ ದಿನ ಮಧ್ಯಾಹ್ನಕ್ಕೆ ನೀರು ಏರುತ್ತೆ, ದೊಡ್ಡ ಜೀಪ್‌ಗಳೇ ಅಲ್ಲಿ ಮುಳುಗಿವೆ. ಅಲ್ಲಿಗೆ ಹೋಗೋಕೆ ಎತ್ತರದ ಚಕ್ರದ ಬಸ್ ಇದೆ. ಬಸ್ಸಲ್ಲೇ ಹೋಗಿ. ಈ ಒಂದು ವಿಷ್ಯದಲ್ಲಿ ನಾನು ಯಾರ ಜೊತೆನೂ ವಾದ ಮಾಡಲ್ಲ.

ಸರಿ, ಈಗ ನಮ್ಮ ಇಂಡಿಯನ್ ಟ್ರಾವೆಲ್ ಪಾಲಿಸಿಯಲ್ಲಿ ಬಾಡಿಗೆ ಕಾರಿನ ಆಡ್-ಆನ್ ಇದ್ರೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ. ಪಾಲಿಸಿ ಪಟ್ಟಿಯಲ್ಲಿ ರೆಂಟಲ್ ವೆಹಿಕಲ್ ಎಕ್ಸೆಸ್ ಅಂತಾನೋ ರೆಂಟಲ್ ಕಾರ್ ಡಿಡಕ್ಟಿಬಲ್ ಅಂತಾನೋ ಹೆಸ್ರು ಇರುತ್ತೆ. ಹೆಸರಲ್ಲೇ ಇದೆ ನೋಡಿ, ಅದು ಕೊಡೋದು ಎಕ್ಸೆಸ್ ಭಾಗ ಮಾತ್ರ. ಒಂದು ಲೆಕ್ಕ ಹಾಕೋಣ, ಕಾರಿಗೆ 6,000 ಯೂರೋ ಡ್ಯಾಮೇಜ್ ಆಯ್ತು ಅಂತ ಇಟ್ಕೊಳ್ಳಿ, ಅಗ್ರಿಮೆಂಟ್‌ನಲ್ಲಿ ಎಕ್ಸೆಸ್ 2,000. ರೆಂಟಲ್ ಕಂಪನಿ ನಿಮ್ಮಿಂದ 2,000 ತಗೊಳ್ಳುತ್ತೆ, ಉಳಿದ 4,000 ಅವ್ರ ಕಡೆದು. ನಿಮ್ಮ ಆಡ್-ಆನ್ ಲಿಮಿಟ್ 1,000 ಡಾಲರ್ ಅಂತ ಇದ್ರೆ ನಿಮ್ಗೆ ವಾಪಸ್ ಬರೋದು ಅಷ್ಟೇ, ಉಳಿದಿದ್ದು ಕೈಯಿಂದ ಹೋಯ್ತು. ಇನ್ನು ನೀವು ಸಿಡಿಡಬ್ಲ್ಯೂನೇ ಬೇಡ ಅಂತ ಅಂದಿದ್ರೆ? ಆಗ 6,000ಕ್ಕೂ ನೀವೇ ಹೊಣೆ, ಮತ್ತೆ ಟ್ರಾವೆಲ್ ಪಾಲಿಸಿನೋರು ರೆಂಟಲ್ ಕಂಪನಿ ಕವರ್ ತಗೊಂಡಿದ್ರೆ ಮಾತ್ರ ನಮ್ಮ ಎಕ್ಸೆಸ್ ಬೆನಿಫಿಟ್ ಅಂತ ಕಂಡೀಷನ್ ಹಾಕಿದ್ರೆ ಆ ಸಾವಿರ ಡಾಲರೂ ಇಲ್ಲ. ಹಾಗಾಗಿ ಆಡ್-ಆನ್ ಇದೆ ಅಂತ ಕೌಂಟರ್‌ನಲ್ಲಿ ಎಲ್ಲಾ ಬೇಡ ಅನ್ನೋದು ತಪ್ಪು ಲೆಕ್ಕ, ಮೂಲ ಸಿಡಿಡಬ್ಲ್ಯೂ ಇರ್ಲೇಬೇಕು, ಅದರ ಮೇಲೆ ಎಕ್ಸೆಸ್ ಇಳಿಸೋ ಕೆಲಸ ಯಾರ ಕೈಲಿ ಮಾಡಿಸ್ತೀರಾ ಅನ್ನೋದಷ್ಟೇ ನಿಮ್ಮ ಆಯ್ಕೆ.

ಆ ಆಯ್ಕೆಯಲ್ಲಿ ಕೌಂಟರ್‌ನೋರ ಸೂಪರ್ ಕವರ್ ದುಬಾರಿ, ದಿನದ ಲೆಕ್ಕದಲ್ಲಿ ಹಾಕ್ತಾರೆ, ಎರಡು ವಾರಕ್ಕೆ ಅಂದ್ರೆ ಕಾರ್ ಬಾಡಿಗೆಗೇ ಹತ್ರ ಹತ್ರ ಹೋಗ್ಬಹುದು. ಹೊರಗಡೆ ಕಂಪನಿಗಳು ಆನ್‌ಲೈನ್‌ನಲ್ಲಿ ಮಾರೋ ಎಕ್ಸೆಸ್ ಇನ್ಶೂರೆನ್ಸ್ ಅದಕ್ಕಿಂತ ಅಗ್ಗ, ಟೈರ್ ಗ್ಲಾಸ್ ತಳ ಎಲ್ಲಾ ಅದ್ರಲ್ಲಿ ಸೇರಿರೋದೂ ಉಂಟು. ಆದ್ರೆ ಎರಡು ವಿಷ್ಯ ಗಮನಿಸ್ಬೇಕು, ಒಂದು, ಆ ಕಂಪನಿ ಇಂಡಿಯಾದಲ್ಲಿ ಇರೋರಿಗೆ ಮಾರುತ್ತಾ ಅಂತ, ಯಾಕಂದ್ರೆ ಎಷ್ಟೋ ಪಾಲಿಸಿಗಳು ಬ್ರಿಟನ್ ಅಥವಾ ಯೂರೋಪ್ ನಿವಾಸಿಗಳಿಗೆ ಮಾತ್ರ, ಸೈಟ್ ದುಡ್ಡು ತಗೊಂಡು ಬಿಡುತ್ತೆ, ಕ್ಲೇಮ್ ಟೈಮಲ್ಲಿ ಅಡ್ರೆಸ್ ಪ್ರೂಫ್ ಕೇಳ್ತಾರೆ. ಎರಡನೇದು, ರೆಂಟಲ್ ಕಂಪನಿಗೆ ಆ ಕಾಗದ ಲೆಕ್ಕಕ್ಕಿಲ್ಲ, ಅವ್ರು ನಿಮ್ಮ ಕಾರ್ಡ್‌ನಲ್ಲಿ ಪೂರ್ತಿ ಎಕ್ಸೆಸ್ ಬ್ಲಾಕ್ ಮಾಡೇ ಮಾಡ್ತಾರೆ, ಡ್ಯಾಮೇಜ್ ಆದ್ರೆ ಮೊದ್ಲು ಕಟ್ಟೋದು ನೀವೇ, ಆಮೇಲೆ ಅಲ್ಲಿಂದ ವಾಪಸ್ ತಗೋಬೇಕು. ಅಂದ್ರೆ ಕಾರ್ಡ್‌ನಲ್ಲಿ ಅಷ್ಟು ಲಿಮಿಟ್ ಇರ್ಬೇಕು, ಅದೂ ಮೇನ್ ಡ್ರೈವರ್ ಹೆಸರಿನ ಕ್ರೆಡಿಟ್ ಕಾರ್ಡ್, ಡೆಬಿಟ್ ಕಾರ್ಡ್ ಫಾರೆಕ್ಸ್ ಕಾರ್ಡ್ ಎಷ್ಟೋ ಕಡೆ ತಗೊಳ್ಳಲ್ಲ. ಅಪ್ಪ ಅಮ್ಮನ್ನ ಕರ್ಕೊಂಡು, ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗೋರಿಗೆ ನಾನು ರೆಂಟಲ್ ಕಂಪನಿದೇ ಝೀರೋ ಎಕ್ಸೆಸ್ ತಗೊಳ್ಳಿ ಅಂತೀನಿ, ದುಬಾರಿ ಆದ್ರೂ ಪರ್ವಾಗಿಲ್ಲ, ಯಾಕಂದ್ರೆ ಅಲ್ಲಿ ಕ್ಲೇಮ್ ಅನ್ನೋ ಮಾತೇ ಬರಲ್ಲ, ಆದ ಡ್ಯಾಮೇಜ್ ತೋರ್ಸಿ ಕೀ ಕೊಟ್ಟು ಫ್ಲೈಟ್ ಹತ್ತೋದು.

ಯಾವ ಕವರ್ ಇದ್ರೂ ಅದನ್ನ ಒಂದೇ ಏಟಿಗೆ ಕಳ್ಕೊಳ್ಳೋ ದಾರಿಗಳು ಇವೆ, ಅದ್ರಲ್ಲಿ ನಮ್ಮೋರು ಜಾಸ್ತಿ ಮಾಡೋದು ಡ್ರೈವರ್ ಹೆಸ್ರು ಸೇರಿಸ್ದೇ ಇರೋದು. ಗಂಡನ ಹೆಸರಲ್ಲಿ ಬುಕ್ ಆಗಿರುತ್ತೆ, ನಡುವೆ ಸುಸ್ತಾಗಿ ಹೆಂಡ್ತಿ ಓಡಿಸ್ತಾರೆ, ಅಥವಾ ಫ್ರೆಂಡ್ ಓಡಿಸ್ತಾನೆ, ಎಕ್ಸ್‌ಟ್ರಾ ಡ್ರೈವರ್ ಫೀಸ್ ಉಳೀತು ಅಂತ. ಅಗ್ರಿಮೆಂಟ್‌ನಲ್ಲಿ ಹೆಸ್ರಿಲ್ದೇ ಇರೋರು ಸ್ಟಿಯರಿಂಗ್ ಹಿಡಿದ ಕ್ಷಣಕ್ಕೆ ಸಿಡಿಡಬ್ಲ್ಯೂ ಇಲ್ಲ, ಎಕ್ಸೆಸ್ ಕವರ್ ಇಲ್ಲ, ಪೂರ್ತಿ ಕಾರಿನ ಬೆಲೆ ತನಕ ಹೊಣೆ. ಆ ಫೀಸ್ ಕಟ್ಟಿ, ದಯವಿಟ್ಟು ಕಟ್ಟಿ. ಲೈಸೆನ್ಸ್ ವಿಷ್ಯನೂ ಹಾಗೇ, ನಮ್ಮ ಕರ್ನಾಟಕದ ಸ್ಮಾರ್ಟ್ ಕಾರ್ಡ್ ಲೈಸೆನ್ಸ್‌ನಲ್ಲಿ ಇಂಗ್ಲಿಷ್ ಇರೋದ್ರಿಂದ ಎಷ್ಟೋ ದೇಶಗಳಲ್ಲಿ ಅದೇ ನಡೆಯುತ್ತೆ, ಆದ್ರೂ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡ್ಸಿ ಇಟ್ಕೊಳ್ಳಿ, ಪರಿವಾಹನ್ ಸೈಟ್‌ನಲ್ಲಿ ಅಪ್ಲೈ ಮಾಡಿದ್ರೆ ಆರ್‌ಟಿಓ ಕೊಡುತ್ತೆ, ಫೀಸ್ 1,000 ರೂಪಾಯಿ, ಒಂದು ವರ್ಷ ನಡೆಯುತ್ತೆ. ಜಪಾನ್‌ನಂಥ ಕಡೆ ಅದಿಲ್ದೇ ಓಡಿಸೋ ಹಾಗೇ ಇಲ್ಲ. ಲೈಸೆನ್ಸ್ ಸರಿ ಇಲ್ದೇ ಓಡಿಸಿದ್ರೆ, ಕುಡಿದು ಓಡಿಸಿದ್ರೆ, ಕಾರ್ ಕವರ್ ಹೋಗೋದಲ್ದೇ ನಿಮ್ಮ ಟ್ರಾವೆಲ್ ಪಾಲಿಸಿಯ ಮೆಡಿಕಲ್ ಕ್ಲೇಮೂ ತಿರಸ್ಕಾರ ಆಗ್ಬಹುದು, ಅದು ಕಾರಿನ ದುಡ್ಡಿಗಿಂತ ಎಷ್ಟೋ ದೊಡ್ಡ ಹೊಡೆತ.

ಹೋಗ್ಬಾರ್ದು ಅಂದ ರೋಡಿಗೆ ಹೋಗೋದೂ ಇದೇ ಸಾಲಿಗೆ ಸೇರುತ್ತೆ. ನ್ಯೂಜಿಲೆಂಡ್‌ಗೆ ಬೆಂಗಳೂರಿಂದ ತುಂಬಾ ಜನ ಹೋಗ್ತಿದ್ದಾರೆ, ಎಡಗಡೆ ಓಡಿಸೋದ್ರಿಂದ ನಮ್ಗೆ ಸುಲಭ ಅನ್ಸುತ್ತೆ. ಅಲ್ಲಿ ಕ್ವೀನ್ಸ್‌ಟೌನ್ ಹತ್ರ ಸ್ಕಿಪ್ಪರ್ಸ್ ರೋಡ್, ಉತ್ತರದಲ್ಲಿ ನೈಂಟಿ ಮೈಲ್ ಬೀಚ್, ಈ ಎರಡು ಕಡೆ ರೆಂಟಲ್ ಕಾರ್ ತಗೊಂಡು ಹೋದ್ರೆ ಇನ್ಶೂರೆನ್ಸ್ ನಡೆಯಲ್ಲ ಅಂತ ಅಗ್ರಿಮೆಂಟ್‌ಗಳಲ್ಲೇ ಹೆಸ್ರು ಹಾಕಿ ಬರೆದಿರ್ತಾರೆ. ಇನ್ನೊಂದು ವಿಶೇಷ ಅಂದ್ರೆ ಆ ದೇಶದಲ್ಲಿ ಎಸಿಸಿ ಅಂತ ಸರ್ಕಾರಿ ವ್ಯವಸ್ಥೆ ಇದೆ, ಆಕ್ಸಿಡೆಂಟ್‌ನಲ್ಲಿ ಪೆಟ್ಟಾದ್ರೆ ತಪ್ಪು ಯಾರ್ದೇ ಇರ್ಲಿ ಟೂರಿಸ್ಟ್‌ಗಳಿಗೂ ಅಲ್ಲಿನ ಚಿಕಿತ್ಸೆಗೆ ನೆರವಾಗುತ್ತೆ. ಅದನ್ನ ಕೇಳಿದೋರು ಅಲ್ಲಿ ಎಲ್ಲಾ ಕವರ್ ಆಗುತ್ತೆ ಅಂತಾರೆ. ಅದು ಮನುಷ್ಯರಿಗೆ. ಕಾರಿಗೆ ಅಲ್ಲ, ಎದುರಿನೋರ ಕಾರಿಗೂ ಅಲ್ಲ, ಅಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯಾನೂ ಇಲ್ಲ, ಹಾಗಾಗಿ ನಿಮ್ಗೆ ಗುದ್ದಿದೋರ ಹತ್ರ ಇನ್ಶೂರೆನ್ಸ್ ಇಲ್ದೇನೂ ಇರ್ಬಹುದು.

ಅಮೆರಿಕದ ಕಥೆ ಬೇರೆ. ಅಲ್ಲಿ ಇರೋ ನಮ್ಮೋರಿಗೆ ಸ್ವಂತ ಕಾರ್ ಇದ್ದು ಅದಕ್ಕೆ ಕೊಲಿಶನ್ (ಗುದ್ದಿದ ಡ್ಯಾಮೇಜ್‌ಗೆ), ಕಾಂಪ್ರಹೆನ್ಸಿವ್ (ಕಳ್ಳತನ, ಬೆಂಕಿ ಥರದ್ದಕ್ಕೆ) ಎರಡೂ ಇದ್ರೆ ಸಾಮಾನ್ಯವಾಗಿ ಅಮೆರಿಕ ಕೆನಡಾ ಒಳಗೆ ಬಾಡಿಗೆ ಕಾರಿಗೂ ಅದೇ ಪಾಲಿಸಿ ಹರಿಯುತ್ತೆ, ಡಿಡಕ್ಟಿಬಲ್ ಮಾತ್ರ ನಿಮ್ದು. ಅದರ ಜೊತೆ ಅಲ್ಲಿನ ಕೆಲವು ಕ್ರೆಡಿಟ್ ಕಾರ್ಡ್‌ಗಳಲ್ಲಿ ರೆಂಟಲ್ ಕವರ್ ಉಚಿತವಾಗಿ ಬರುತ್ತೆ, ಚೇಸ್ ಸಫೈರ್ ಥರದ ಕಾರ್ಡ್‌ಗಳಲ್ಲಿ ಅದು ಪ್ರೈಮರಿ, ಅಂದ್ರೆ ನಿಮ್ಮ ಸ್ವಂತ ಕಾರ್ ಪಾಲಿಸಿನ ಮುಟ್ದೇ ಕಾರ್ಡ್‌ನೋರೇ ಕೊಡ್ತಾರೆ, ಬೇರೆ ಎಷ್ಟೋ ಕಾರ್ಡ್‌ಗಳಲ್ಲಿ ಸೆಕೆಂಡರಿ, ಅಂದ್ರೆ ಮೊದ್ಲು ನಿಮ್ಮ ಪಾಲಿಸಿ, ಉಳಿದಿದ್ದಕ್ಕೆ ಕಾರ್ಡ್. ಅದು ನಡೀಬೇಕಾದ್ರೆ ಬಾಡಿಗೆ ಪೂರ್ತಿ ಅದೇ ಕಾರ್ಡ್‌ನಲ್ಲಿ ಕಟ್ಟಿರ್ಬೇಕು, ರೆಂಟಲ್ ಕಂಪನಿಯ ಸಿಡಿಡಬ್ಲ್ಯೂ ಬೇಡ ಅಂತ ಅಂದಿರ್ಬೇಕು. ನೋಡಿ, ಇಂಡಿಯನ್ ಆಡ್-ಆನ್‌ಗೆ ನಾನು ಮೇಲೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ, ಅದಕ್ಕೇ ಅಮೆರಿಕದಲ್ಲಿರೋ ಭಾಮೈದ ಹೇಳಿದ ಸಲಹೆನ ಬೆಂಗಳೂರಲ್ಲಿರೋರು ಹಾಗೇ ಪಾಲಿಸ್ಬಾರ್ದು. ಕಾರ್ಡ್ ಕವರ್ ಎಲ್ಲಾ ದೇಶಕ್ಕೂ ಇಲ್ಲ, ಅಮೆರಿಕನ್ ಎಕ್ಸ್‌ಪ್ರೆಸ್‌ನ ಅಲ್ಲಿನ ಕಾರ್ಡ್‌ಗಳ ಕವರ್ ಆಸ್ಟ್ರೇಲಿಯಾ, ಇಟಲಿ, ನ್ಯೂಜಿಲೆಂಡ್ ಮೂರನ್ನೂ ಬಿಟ್ಟಿದೆ. ಮತ್ತೆ ಇದೆಲ್ಲ ನೀವು ಬಾಡಿಗೆಗೆ ತಗೊಂಡ ಕಾರಿನ ಡ್ಯಾಮೇಜ್‌ಗೆ ಮಾತ್ರ, ನೀವು ಬೇರೆಯವ್ರಿಗೆ ಗುದ್ದಿದ್ರೆ ಅದಕ್ಕೆ ಲಯಬಿಲಿಟಿ ಬೇರೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಕೇಳೋ ಕನಿಷ್ಠ ಮೊತ್ತನ 2025ರ ಜನವರಿ 1ರಿಂದ ಏರಿಸಿದ್ರು, ಈಗ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಆಕ್ಸಿಡೆಂಟ್‌ಗೆ ಒಟ್ಟು 60,000, ಆಸ್ತಿ ನಷ್ಟಕ್ಕೆ 15,000. ಅದಕ್ಕೆ ಮುಂಚೆ ಆಸ್ತಿ ನಷ್ಟಕ್ಕೆ ಬರೀ 5,000 ಇತ್ತು. ಅಲ್ಲಿನ ಆಸ್ಪತ್ರೆ ಬಿಲ್ ನೋಡಿದೋರಿಗೆ ಗೊತ್ತು, ಈ 30,000 ಎಲ್ಲಿಗೂ ಸಾಲಲ್ಲ. ಇಂಡಿಯಾದಿಂದ ಹೋಗಿ ಓಡಿಸೋರು ಸಪ್ಲಿಮೆಂಟಲ್ ಲಯಬಿಲಿಟಿ (ಈ ಕನಿಷ್ಠದ ಮೇಲೆ ಸಿಗೋ ಹೆಚ್ಚಿನ ಲಯಬಿಲಿಟಿ ಕವರ್) ಸೇರಿರೋ ರೇಟ್‌ನೇ ಬುಕ್ ಮಾಡಿ. ಮಕ್ಕಳ ಮನೆಗೆ ಹೋಗೋ ಅಪ್ಪ ಅಮ್ಮನಿಗೆ ಮಾಡಿಸೋ ವಿಸಿಟರ್ಸ್ ಇನ್ಶೂರೆನ್ಸ್ ಇದ್ಯಲ್ಲ, ಅದು ಮೆಡಿಕಲ್‌ಗೆ, ಅದನ್ನ ಕಾರಿಗೆ ಜೋಡಿಸ್ಬೇಡಿ.

ಅಮೆರಿಕದ ಬಿಲ್‌ಗಳಲ್ಲಿ ರಿಪೇರಿ ದುಡ್ಡಿನ ಕೆಳಗೆ ಲಾಸ್ ಆಫ್ ಯೂಸ್ ಅಂತ ಇನ್ನೊಂದು ಸಾಲು ಬರುತ್ತೆ, ಕಾರ್ ಗ್ಯಾರೇಜಲ್ಲಿ ನಿಂತಿದ್ದ ದಿನಗಳ ಬಾಡಿಗೆ, ಅದರ ಜೊತೆ ಅಡ್ಮಿನ್ ಫೀಸ್. ನಿಮ್ಮ ಕವರ್ ಇವನ್ನ ಕೊಡುತ್ತಾ ಅಂತ ಹುಡುಕಿ ನೋಡಿ, ಕೆಲವು ಕೊಡ್ತವೆ, ಕೆಲವು ರಿಪೇರಿಗೆ ಮಾತ್ರ.

ಕ್ಲೇಮ್ ಗೆಲ್ಲೋದು ಸೋಲೋದು ಕಾರ್ ತಗೊಂಡ ಮೊದಲ ಹತ್ತು ನಿಮಿಷದಲ್ಲೇ ಅರ್ಧ ನಿರ್ಧಾರ ಆಗಿರುತ್ತೆ. ಕೀ ಕೈಗೆ ಬಂದ ತಕ್ಷಣ ಲಗೇಜ್ ತುಂಬೋ ಮುಂಚೆ ಕಾರ್ ಸುತ್ತ ನಿಧಾನಕ್ಕೆ ವೀಡಿಯೋ ಮಾಡಿ, ನಾಲ್ಕೂ ಚಕ್ರದ ರಿಮ್, ಬಂಪರ್ ಕೆಳಗಿನ ಅಂಚು, ವಿಂಡ್‌ಸ್ಕ್ರೀನ್, ರೂಫ್, ಡ್ಯಾಶ್‌ಬೋರ್ಡ್‌ನಲ್ಲಿ ಕಿಲೋಮೀಟರ್. ಹಳೇ ಗೀರು ಏನೇ ಇದ್ರೂ ಅವ್ರ ಶೀಟ್‌ನಲ್ಲಿ ಬರೆಸಿ ಸೈನ್ ಹಾಕಿಸಿ, ರಾತ್ರಿ ಇಳಿದಿದ್ರೆ ಬೆಳಕಿರೋ ಕಡೆ ನಿಲ್ಸಿ ನೋಡಿ. ವಾಪಸ್ ಕೊಡೋವಾಗ್ಲೂ ಅಷ್ಟೇ, ಡ್ರಾಪ್ ಬಾಕ್ಸ್‌ನಲ್ಲಿ ಕೀ ಹಾಕಿ ಓಡೋದು ಆದಷ್ಟು ತಪ್ಪಿಸಿ, ಅವ್ರ ಮುಂದೆನೇ ಚೆಕ್ ಮಾಡ್ಸಿ ಡ್ಯಾಮೇಜ್ ಇಲ್ಲ ಅಂತ ಕಾಗದ ತಗೊಳ್ಳಿ, ಯಾಕಂದ್ರೆ ನೀವು ಊರಿಗೆ ಬಂದ ಮೇಲೂ ಅವ್ರು ಕಾರ್ಡ್‌ಗೆ ಚಾರ್ಜ್ ಹಾಕ್ಬಹುದು, ಅದಕ್ಕೆ ನೀವು ಪಿಕಪ್‌ನಲ್ಲೇ ಸೈನ್ ಮಾಡಿ ಒಪ್ಪಿರ್ತೀರಾ. ಡ್ಯಾಮೇಜ್ ಆಗೇ ಬಿಟ್ರೆ ಅಲ್ಲಿಂದಲೇ ರೆಂಟಲ್ ಕಂಪನಿಗೆ ಫೋನ್, ಬೇರೆ ಗಾಡಿ ಇದ್ರೆ ಅಥವಾ ಯಾರಿಗಾದ್ರೂ ಪೆಟ್ಟಾಗಿದ್ರೆ ಪೊಲೀಸ್ ರಿಪೋರ್ಟ್, ಇನ್ಶೂರೆನ್ಸ್‌ನೋರ ಹೆಲ್ಪ್‌ಲೈನ್‌ಗೆ ಒಂದು ಮೇಲ್. ಆಮೇಲೆ ಕ್ಲೇಮ್‌ಗೆ ಕೇಳೋದು ಅಗ್ರಿಮೆಂಟ್, ಡ್ಯಾಮೇಜ್ ರಿಪೋರ್ಟ್, ರಿಪೇರಿ ಬಿಲ್, ನೀವು ದುಡ್ಡು ಕಟ್ಟಿದ ಕಾರ್ಡ್ ಸ್ಟೇಟ್‌ಮೆಂಟ್, ಲೈಸೆನ್ಸ್ ಕಾಪಿ, ಪಾಸ್‌ಪೋರ್ಟ್‌ನಲ್ಲಿ ಎಂಟ್ರಿ ಎಕ್ಸಿಟ್. ಇದ್ರಲ್ಲಿ ರಿಪೇರಿ ಬಿಲ್‌ನೇ ಜನ ಕೇಳಿ ತಗೊಳ್ಳಲ್ಲ, "ಡ್ಯಾಮೇಜ್ ಚಾರ್ಜ್" ಅಂತ ಒಂದೇ ಸಾಲಿನ ರಸೀದಿ ಇಟ್ಕೊಂಡು ಬರ್ತಾರೆ, ಯಾವ ಪಾರ್ಟ್‌ಗೆ ಎಷ್ಟು ಅಂತ ವಿವರ ಇಲ್ದೇ ಫೈಲ್ ಅಲ್ಲೇ ನಿಲ್ಲುತ್ತೆ. ಮೇಲ್ ಹಾಕಿ ಹಾಕಿ ಬೇಸರ ಪಡ್ದೇ ತರಿಸ್ಕೊಳ್ಳಿ.

ಕವರ್ ಇದ್ದೂ ಇನ್ಶೂರೆನ್ಸ್ ಕಂಪನಿ ಕೊಡಲ್ಲ ಅಂದ್ರೆ ಅಲ್ಲಿಗೆ ಬಿಡ್ಬೇಡಿ. ಮೊದ್ಲು ಅವ್ರ ಗ್ರೀವೆನ್ಸ್ ಆಫೀಸರ್‌ಗೆ ಬರೀರಿ, ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಿ. 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ, ಬಂದ ಉತ್ತರ ಒಪ್ಪಿಗೆ ಆಗ್ಲಿಲ್ಲ ಅಂದ್ರೆ, ಒಂದು ವರ್ಷದೊಳಗೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಇನ್ಶೂರೆನ್ಸ್ ದೂರು ವಿಚಾರಿಸಿ ತೀರ್ಮಾನ ಮಾಡೋ ಅಧಿಕಾರಿ) ಹತ್ರ ಹೋಗ್ಬಹುದು, ಕರ್ನಾಟಕದೋರಿಗೆ ಅದರ ಆಫೀಸ್ ಬೆಂಗಳೂರಲ್ಲೇ, ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಫೀಸ್ ಇಲ್ಲ, ಲಾಯರ್ ಬೇಡ. ಆದ್ರೆ ಪಾಲಿಸಿಯಲ್ಲಿ ಬೆನಿಫಿಟ್ ಬರೆದಿದ್ರೆ ಮಾತ್ರ ಅಲ್ಲಿ ನಿಮ್ಮ ಮಾತಿಗೆ ಬಲ, ಬರೆದಿಲ್ದೇ ಇರೋದನ್ನ ಅವ್ರೂ ಕೊಡ್ಸೋಕಾಗಲ್ಲ.

ನಮ್ಮೂರಲ್ಲೇ ಸೆಲ್ಫ್ ಡ್ರೈವ್ ತಗೊಂಡು ಗೋವಾ, ಮಡಿಕೇರಿ ಹೋಗೋರಿಗೂ ಒಂದು ಮಾತು. ಇಲ್ಲಿನ ಡೊಮೆಸ್ಟಿಕ್ ಟ್ರಾವೆಲ್ ಪಾಲಿಸಿಯಲ್ಲೂ ಕಾರಿನ ಡ್ಯಾಮೇಜ್ ಬರುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ, ಆಪ್‌ನಲ್ಲಿ ಬುಕ್ ಮಾಡೋವಾಗ ಬರೋ ಟ್ರಿಪ್ ಪ್ರೊಟೆಕ್ಷನ್‌ನೇ ನಿಮ್ಮ ಕವರ್, ನಿಮ್ಮ ಹೊಣೆ ಎಷ್ಟಕ್ಕೆ ನಿಲ್ಲುತ್ತೆ ಅಂತ ಅದ್ರಲ್ಲೇ ಓದಿ. ಬಾಡಿಗೆ ಗಾಡಿಗೆ ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇರ್ಬೇಕು. ವೈಟ್ ಬೋರ್ಡ್ ಕಾರನ್ನ ಯಾರೋ ಪರಿಚಯದೋರು ಅಂತ ದುಡ್ಡು ಕೊಟ್ಟು ತಗೊಂಡ್ರೆ, ಆ ಕಾರಿನ ಪ್ರೈವೇಟ್ ಪಾಲಿಸಿಯಲ್ಲಿ ಬಾಡಿಗೆಗೆ ಬಿಡೋದಕ್ಕೆ ಅವಕಾಶನೇ ಇರಲ್ಲ, ಗುದ್ದಿದ್ರೆ ಓನರ್‌ಗೂ ಇಲ್ಲ ನಿಮ್ಗೂ ಇಲ್ಲ.

ಕ್ಯಾಂಪರ್ ವ್ಯಾನ್ ತಗೊಂಡ್ರೆ ಏನು ಅಂತಾನೂ ಈಗೀಗ ತುಂಬಾ ಜನ ಕೇಳ್ತಾರೆ. ಎಕ್ಸೆಸ್ ಆಡ್-ಆನ್‌ಗಳಲ್ಲೂ, ಅಮೆರಿಕದ ಕಾರ್ಡ್ ಕವರ್‌ಗಳಲ್ಲೂ "ಕಾರ್" ಅಂದ್ರೆ ಯಾವ್ಯಾವ್ದು ಅಂತ ಒಂದು ಪ್ಯಾರಾ ಇರುತ್ತೆ, ಕ್ಯಾಂಪರ್, ಮೋಟಾರ್‌ಹೋಮ್, ಟ್ರಕ್, ಬೈಕ್ ಇವನ್ನ ಅಲ್ಲೇ ಹೊರಗಿಡೋದು ಮಾಮೂಲು. ಕ್ಯಾಂಪರ್ ಆದ್ರೆ ಅದನ್ನ ಕೊಡೋ ಕಂಪನಿಯದ್ದೇ ಕವರ್ ತಗೊಳ್ಳಿ, ಮೇಲಿನ ರೂಫ್ ಅದ್ರಲ್ಲಿ ಸೇರಿದೆಯಾ ಅಂತ ಮೊದ್ಲು ನೋಡಿ, ಎತ್ತರದ ಗಾಡಿ, ಪಾರ್ಕಿಂಗ್ ಗೇಟ್‌ಗೆ, ಮರದ ಕೊಂಬೆಗೆ ಬಡಿಯೋದು ಅದೇ.